ಬೇಳೆ ಬೇಯುವ ನೀರು

ಸಾಕ್ಷಿ ಹೇಳುವವರ ಮಾತನ್ನು ಹೇಳಿದ ಹಾಗೆಯೇ ಬೆರಳಚ್ಚು ಮಾಡುವುದು ನನ್ನ ಕೆಲಸ. ಬೈಲಹೊಂಗಲದ ಕೋರ್ಟಿನಲ್ಲಿ ಕುಳಿತು ಎಷ್ಟೋ ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ಕಟಕಟೆಯಲ್ಲಿ ನಿಂತವರು ‘ನೋಡಿದೆ’ ಅಂದರೆ ‘ನೋಡಿದೆ’, ‘ನೋಡಿದ ಹಾಗಾಯಿತು’ ಅಂದರೆ ‘ನೋಡಿದ ಹಾಗಾಯಿತು’. ಆ ಎರಡರ ನಡುವೆ ಒಂದು ಚಕ್ಕಡಿ ಗಾಡಿ ದಾಟುವಷ್ಟು ಜಾಗ ಇದೆ ಎಂದು ನನಗೆ ಗೊತ್ತು. ಏನೂ ತಪ್ಪು ಮಾಡದವರಿಗೂ ಆ ಕಟಕಟೆಯಲ್ಲಿ ಕೈ ಯಾಕೆ ನಡುಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಹತ್ತಿ ಗೋದಾಮಿನ ನೆರಳಿನಲ್ಲಿ, ಎರಡು ಬೋಗಾಣಿ ತೊಗರಿಬೇಳೆಯ ಮುಂದೆ.

ನಮ್ಮ ಊರು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯ ಮೇಲಿದೆ. ಬಸ್ ನಿಲ್ದಾಣದ ಎದುರಿಗೇ ನಮ್ಮ ಚಿಗವ್ವನ, ಅಂದರೆ ನನ್ನ ತಾಯಿಯ ತಂಗಿಯ, ಖಾನಾವಳಿ ಇತ್ತು. ಬಿಸಿ ರೊಟ್ಟಿ, ಪಲ್ಯ, ಬೇಳೆ, ಅನ್ನ, ಮಜ್ಜಿಗೆ. ಪಲ್ಯ ಸಂತೆಯಲ್ಲಿ ಸಿಕ್ಕಿದ ಹಾಗೆ ಬದಲಾಗುತ್ತಿತ್ತು, ಬೇಳೆ ಬದಲಾಗುತ್ತಿರಲಿಲ್ಲ. ಕಬ್ಬಿನ ಲಾರಿಯವರು, ಸವದತ್ತಿ ಗುಡ್ಡಕ್ಕೆ ಹೋಗುವ ಭಕ್ತರು, ಕಾಲೇಜಿನ ಹುಡುಗರು ಬರುತ್ತಿದ್ದದ್ದು ಆ ಬೇಳೆಗಾಗಿಯೇ. ಚಿಗವ್ವ ಅದನ್ನು ಕುಕ್ಕರಿನಲ್ಲಿ ಇಡುವವಳಲ್ಲ. ಅಗಲ ಬಾಯಿಯ ಬೋಗಾಣಿಯಲ್ಲಿ, ಸಣ್ಣ ಉರಿಯಲ್ಲಿ, ಬೇಳೆ ತಾನಾಗಿಯೇ ಬಿಚ್ಚಿಕೊಳ್ಳುವ ತನಕ ಬೇಯಿಸುತ್ತಿದ್ದಳು. ಯಾರಾದರೂ ಹೊಗಳಿದರೆ ಅವಳ ಉತ್ತರ ಒಂದೇ: “ಬ್ಯಾಳಿಗೆ ಸೋಡಾ ಹಾಕಂಗಿಲ್ರಿ ನಾವು. ಹೊಳಿ ನೀರು, ಒಳ್ಳೆ ಬ್ಯಾಳಿ, ಅಷ್ಟ.” ಊರಿನ ನಳದಲ್ಲಿ ಬರುತ್ತಿದ್ದದ್ದು ಮಲಪ್ರಭೆಯ ನೀರು. ದಿನಾ ಬರುತ್ತಿರಲಿಲ್ಲ, ಬಂದಾಗ ಸಿಹಿಯಾಗಿ ಬರುತ್ತಿತ್ತು.

ಆ ಚಳಿಗಾಲದಲ್ಲಿ ಕಟ್ಟಡದ ಮಾಲೀಕರು ಬಂದು, ದಸರಾ ಹೊತ್ತಿಗೆ ಜಾಗ ಬಿಟ್ಟುಕೊಡಬೇಕು, ಮಗ ಮೊಬೈಲ್ ಅಂಗಡಿ ಹಾಕುತ್ತಾನೆ ಎಂದರು. ಮರ್ಯಾದೆಯಿಂದಲೇ ಹೇಳಿದರು, ಊಟ ಮಾಡಿಕೊಂಡೇ ಹೋದರು. ಚಿಗವ್ವ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವರು ಹೋದ ಮೇಲೆ ಒಲೆಯ ಮುಂದೆ ಕುಳಿತು ಬೂದಿ ಕೆದಕಿದಳು. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು, ಆ ಒಲೆಯ ಮುಂದೆಯೇ ವಯಸ್ಸು ಕಳೆದವಳು. ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಊರೊಳಗೆ ಸರಿಯಾದ ಜಾಗ ಸಿಗಲಿಲ್ಲ. ಸಿಕ್ಕ ಇಕ್ಕಟ್ಟು ಜಾಗದಲ್ಲಿ ರೊಟ್ಟಿ ತಟ್ಟಿದರೆ ಕೈ ಊಟಕ್ಕೆ ಕುಳಿತವರ ಬೆನ್ನಿಗೆ ಬಡಿಯುತ್ತಿತ್ತು. ಅದೇ ಹೊತ್ತಿಗೆ ಊರಾಚೆ, ರಸ್ತೆಗೆ ಹೊಂದಿಕೊಂಡೇ, ಹತ್ತಿ ವ್ಯಾಪಾರದ ಸಾವ್ಕಾರರೊಬ್ಬರು ತಮ್ಮ ಹೊಲದಲ್ಲಿ ಹೊಸ ಲೇಔಟ್ ಹಾಕಿದ್ದರು. ಅವರ ಹಳೆಯ ಹತ್ತಿ ಗೋದಾಮು ಅಲ್ಲೇ ನಿಂತಿತ್ತು, ದೊಡ್ಡ ತಗಡಿನ ಸೂರಿನದು. ಗೋದಾಮಿನ ಪಕ್ಕದ ಮೂಲೆಯ ಜಾಗ ಚಿಗವ್ವನ ಕಣ್ಣಿಗೆ ಬಿತ್ತು. ಬಸ್ಸೂ ಲಾರಿಯೂ ಅಲ್ಲೇ ನಿಲ್ಲಬಹುದು. ಸಾವ್ಕಾರರು ಯುಗಾದಿ ಮುಗಿದ ಮೇಲಿನ ಅಮಾವಾಸ್ಯೆಯ ತನಕ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟರು. ಕೇಳುವವರು ಬಹಳ ಜನ ಇದ್ದರು.

ತೊಡಕು ಒಂದೇ. ಅಲ್ಲಿಗೆ ಊರಿನ ನಳ ಹೋಗುವುದಿಲ್ಲ. ಅಲ್ಲಿರುವುದು ಬೋರು, ಬೋರಿನಲ್ಲಿ ಗಡುಸಾದ ಸವಳು ನೀರು.

ನಮ್ಮ ಓಣಿಯಲ್ಲೇ ಇರುವ ಪಂಚಾಯತಿ ಮೆಂಬರ್ ಅಕ್ಕಾರು ಇದರ ಬಗ್ಗೆ ಮೊದಲೇ ಯೋಚಿಸಿದ್ದರು. ಹೊಸ ಲೇಔಟಿಗೆ ಒಪ್ಪಿಗೆ ಬೇಕಾದರೆ ಮಾಲೀಕರು ಸಿಹಿನೀರಿನ ವ್ಯವಸ್ಥೆ ತೋರಿಸಬೇಕು ಎಂದು ಪಟ್ಟಣ ಪಂಚಾಯತಿಯಲ್ಲಿ ಠರಾವು ಮಾಡಿಸಿದ್ದರು. ಒಂದು ಸಂಜೆ ಅವರು ಖಾನಾವಳಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದರು.

“ಮ್ಯಾಲಿಂದ ಉತ್ತರ ಬಂತಬೇ ಯಕ್ಕಾ. ಹೊಸಾ ಲೇಔಟಿಗೆ ನೀರಿನ ಬಗ್ಗೆ ಏನ ಕೇಳಬೇಕಂತ ರಾಜ್ಯದ ನಿಯಮದಾಗ ಐತಿ. ಅಷ್ಟ ಕೇಳ್ರಿ, ಅದರ ಮ್ಯಾಲ ಒಂದ ಕೊಡಾನೂ ಕೇಳಬ್ಯಾಡ್ರಿ ಅಂದಾರ. ನಮ್ಮ ಠರಾವು ಹಾರಿಹೋತು.”

“ನಿಯಮ ಏನ ಕೇಳತೈತಿ?” ಎಂದಳು ಚಿಗವ್ವ.

“ಬೋರು, ಟಾಕಿ, ಪೈಪು. ಮಂದಿಗೆ ಸಾಕಾಗೋವಷ್ಟು ನೀರು. ಕುಡಿಯಾಕ ಬರತೈತಿ ಅಂತ ಲ್ಯಾಬಿನ ಚೀಟಿ. ಸಾವ್ಕಾರ್ರ ಕಡೆ ಎಲ್ಲಾ ಐತಿ.”

“ಬ್ಯಾಳಿ ಬೇಯಬೇಕು ಅಂತ ಐತೇನು?”

ಅಕ್ಕಾರು ನಕ್ಕರು. “ಕಾಯ್ದೆ ಮಾಡೋರು ಉಣ್ಣಾಕ ಕುಂದರತಾರ, ಒಲಿ ಮುಂದ ಕುಂದರಂಗಿಲ್ಲ.”

ಆ ಉತ್ತರದ ಪ್ರತಿಯನ್ನು ಅಕ್ಕಾರು ನನಗೂ ಓದಲು ಕೊಟ್ಟರು. ನಿಧಾನವಾಗಿ, ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ಅಷ್ಟು ಬರಲಿಲ್ಲ. ಒಂದೊಂದು ಊರಿನವರು ಒಂದೊಂದು ಕೇಳುತ್ತ ಹೋದರೆ ಮನೆ ಕಟ್ಟುವವರಿಗೆ ಕೊನೆ ಎಲ್ಲಿ ಎಂದು ಎಲ್ಲರಿಗೂ ಒಂದೇ ಅಳತೆ ಇಟ್ಟಿದ್ದರು. ಅಳತೆ ಎಂದ ಮೇಲೆ ಅದು ಎಲ್ಲಾದರೂ ನಿಲ್ಲಲೇಬೇಕು. ಇದು ಕುಡಿಯುವಲ್ಲಿಗೆ ನಿಂತಿತ್ತು, ಬೇಯಿಸುವ ತನಕ ಬಂದಿರಲಿಲ್ಲ. ನಮ್ಮ ಭಾಗದಲ್ಲಿ ಹೆಂಗಸರು ನೀರನ್ನು ನೋಡುವುದು ಬೇರೆ ರೀತಿ. ಹೊಸ ಊರಿಗೆ ಮಗಳನ್ನು ಕೊಡುವಾಗ ತಾಯಿ ಬಾವಿಯ ಆಳ ಕೇಳುವುದಿಲ್ಲ, “ಅಲ್ಲಿ ನೀರಿಗೆ ಬ್ಯಾಳಿ ಬೇಯತೈತೇನು?” ಎಂದು ಕೇಳುತ್ತಾಳೆ. ಸವಳು ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳಾಗಿಯೇ ಉಳಿಯುತ್ತದೆ.

ಸಾವ್ಕಾರರಿಗೆ ಈ ಮಾತು ಹೋಗಿ ಮುಟ್ಟಲು ತಡವಾಗಲಿಲ್ಲ. ಅವರು ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದದ್ದೂ ನಮ್ಮ ಚಿಗವ್ವನ ಖಾನಾವಳಿಗೇ.

“ಏನ್ರಿ, ನಮ್ಮ ಬೋರಿನ ನೀರಿಗೆ ಬ್ಯಾಳಿ ಬೇಯಂಗಿಲ್ಲ ಅಂದ್ರಂತ?” ಎಂದು ಕೈ ತೊಳೆಯುತ್ತಲೇ ಕೇಳಿದರು.

“ಬೇಯತೈತಿ ಅಂತ ನೀವ ಹೇಳ್ರಿ. ನೀವು ಅದರಾಗ ಬೇಸಿ ಉಂಡೀರೇನು?”

“ನಾ ಇಲ್ಲೇ ಉಣ್ಣತೇನಿ, ನಿಮಗ ಗೊತ್ತೈತಿ. ಕುಕ್ಕರ್ ಹಚ್ಚಿದ್ರ ಆತಪಾ.”

“ಕುಕ್ಕರಿನ್ಯಾಗ ಖಡಿಕಲ್ಲ ಹಾಕಿದ್ರೂ ಶೀಟಿ ಹೊಡಿತೈತ್ರಿ. ಖಾನಾವಳಿ ಬ್ಯಾಳಿ ಅದಲ್ಲ.”

ಊಟ ಮಾಡುತ್ತಿದ್ದವರೆಲ್ಲ ನಕ್ಕರು. ಸಾವ್ಕಾರರೂ ನಕ್ಕರು. ಆದರೆ ಮಾತು ನಗೆಯಲ್ಲಿ ಮುಗಿಯಲಿಲ್ಲ. ಯುಗಾದಿ ಮುಗಿದ ಮೇಲಿನ ಭಾನುವಾರ, ಗೋದಾಮಿನ ನೆರಳಿನಲ್ಲಿ, ಎಲ್ಲರ ಎದುರಿಗೆ ಬೇಳೆ ಇಡುವುದು ಎಂದಾಯಿತು. ಒಂದು ಬೋಗಾಣಿ ಬೋರಿನ ನೀರಿನದು, ಇನ್ನೊಂದು ಹೊಳೆ ನೀರಿನದು. ಹೊಳೆ ನೀರು ತರುವುದು ಟ್ಯಾಂಕರ್ ಓಡಿಸುವ ಚಾಚಾನ ಪಾಲಿಗೆ ಬಂತು. ಮದುವೆ ಮನೆಗಳಿಗೆ ಸಿಹಿನೀರು ಮುಟ್ಟಿಸುವವರು ಅವರೇ. ಊರಿಗೆಲ್ಲ ಅವರು ಚಾಚಾ.

“ಬೆಂದೈತೋ ಇಲ್ಲೋ ಅಂತ ನೋಡೋರು ಯಾರು?” ಎಂದು ಸಾವ್ಕಾರರು ಕೇಳಿದರು.

“ನಾ ನೋಡತೇನ್ರಿ” ಎಂದರು ಚಾಚಾ.

“ಬೇಯದಿದ್ರ ದಿನಾ ನಿಂದ ಟ್ಯಾಂಕರ್ ಬೇಕಾಗತೈತಿ. ನೀ ಬ್ಯಾಡ.” ಸಾವ್ಕಾರರ ಕಣ್ಣು ನನ್ನ ಮೇಲೆ ಬಿತ್ತು. “ಬಾಯಾರು ನೋಡಲಿ. ಕೋರ್ಟಿನ್ಯಾಗ ಕೆಲಸಾ ಮಾಡೋರು, ಸುಳ್ಳ ಹೇಳಂಗಿಲ್ಲ.”

“ಕೋರ್ಟಿನ್ಯಾಗ ಸುಳ್ಳ ಹೇಳಂಗಿಲ್ಲ ಅನ್ನೋದ ಇವತ್ತ ಕೇಳಿದೆ ನೋಡ್ರಿ” ಎಂದು ಚಾಚಾ ಟೋಪಿ ಸರಿಮಾಡಿಕೊಂಡರು.

ನಾನು ಚಿಗವ್ವನ ಅಕ್ಕನ ಮಗಳು, ನನ್ನನ್ನು ನೇಮಿಸುವುದು ಸರಿಯಲ್ಲ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬಂತು, ಮೆಂಬರ್ ಅಕ್ಕಾರೂ ಬಂದರು. ಜಾಗ ಕೊಳ್ಳಬೇಕೆಂದಿದ್ದ ನಾಲ್ಕೈದು ಮನೆಯವರೂ ಹೆಂಡರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಗೋದಾಮಿನ ಗೋಡೆಗೆ ಒರಗಿ ಕುಳಿತ ಗಂಡಸರು, ಚಾಪೆ ಹಾಸಿದ ಹೆಂಗಸರು, ನಡುವೆ ಕಲ್ಲಿಟ್ಟು ಹೂಡಿದ ಎರಡು ಒಲೆ. ಉರಿಗೆ ಹತ್ತಿಕಟ್ಟಿಗೆ. ನಾನು ಒಂದೇ ಚೀಲದ ಬೇಳೆಯನ್ನು ಒಂದೇ ಲೋಟದಲ್ಲಿ ಅಳೆದೆ. ಬೋಗಾಣಿ ಎರಡೂ ಒಂದೇ ಅಳತೆಯವು ಎಂದು ಒಂದರೊಳಗೊಂದು ಇಟ್ಟು ನೋಡಿದೆ. ಒಂದು ಒಲೆಗೆ ಗಾಳಿ ಹೆಚ್ಚು ಬೀಸುತ್ತಿತ್ತು, ಅಲ್ಲಿಗೆ ಹಲಗೆ ಅಡ್ಡ ಇಡಿಸಿದೆ. “ಬ್ಯಾಳಿ ಬೇಯೋ ಹೊತ್ತಿಗೆ ಅಮಾಸಿ ಬಂದು ಹೋಗತೈತಿ” ಎಂದು ಯಾರೋ ಹೆಂಗಸು ಅಂದಳು. ನಾನು ಅದಕ್ಕೂ ಅವಸರ ಮಾಡಲಿಲ್ಲ.

ಇಷ್ಟು ಜನರನ್ನು ಬರೀ ಹೊಗೆ ಕುಡಿಸಿ ಕಳಿಸುವುದು ಚಿಗವ್ವನ ಜಾಯಮಾನವಲ್ಲ. ಒಲೆಯ ಪಕ್ಕ ಸ್ಟೋವು ಹಚ್ಚಿ, ಬಾಣಲೆ ಇಟ್ಟು, ಮಿರ್ಚಿ ಬಜ್ಜಿಗೆ ಕಡಲೆ ಹಿಟ್ಟು ಕಲಸಲು ಕುಳಿತಳು. ಹಿಟ್ಟು, ಉಪ್ಪು, ಓಂಕಾಳು, ಅಡುಗೆ ಸೋಡಾದ ಪೊಟ್ಟಣ ಎಲ್ಲ ಅವಳ ಬಲಕ್ಕೆ. ಅದರಾಚೆ ಬೋರಿನ ನೀರಿನ ಬೋಗಾಣಿ.

ನೀರು ಕುದಿಯತೊಡಗಿತು. ಹೊಳೆ ನೀರಿನದು ತಿಳಿಯಾಗಿ ಕುದಿಯಿತು. ಬೋರಿನ ನೀರಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತು. ಚಿಗವ್ವ ಎಡಗೈಯಿಂದ ಅದನ್ನು ಸೌಟಿನಲ್ಲಿ ಬಳಿದು ಚೆಲ್ಲಿದಳು. ಅವಳ ಮುಖ ಚಾಚಾನ ಕಡೆ ಇತ್ತು. ಮೆಣಸಿನಕಾಯಿಯ ಬೀಜ ತೆಗೆಯಬೇಕೋ ಬೇಡವೋ ಎಂಬ ಜಗಳ ನಡೆದಿತ್ತು.

“ಬೀಜಾ ತಗದ್ರ ಅದೇನ ಮಿರ್ಚಿ ಯಕ್ಕಾ, ದೊಣಮೆಣಸಿನಕಾಯಿ!” ಎಂದರು ಚಾಚಾ.

“ನಿನ್ನ ಬಾಯಿ ಅಷ್ಟ ನೋಡಬ್ಯಾಡ, ಸಣ್ಣ ಹುಡುಗ್ರು ಕುಂತಾವ.”

ಚಿಗವ್ವ ಹೀಗೆನ್ನುತ್ತಿರುವಾಗಲೇ ಅವಳ ಬಲಗೈ ಪೊಟ್ಟಣಕ್ಕೆ ಹೋಯಿತು. ಒಂದು ಚಿಟಿಕೆ ಹಿಟ್ಟಿಗೆ ಬಿತ್ತು. ಕೈ ಮತ್ತೆ ಪೊಟ್ಟಣಕ್ಕೆ ಹೋಯಿತು. ಇನ್ನೊಂದು ಚಿಟಿಕೆ ಬೋಗಾಣಿಗೆ ಬಿತ್ತು. ಬಿದ್ದ ಕೂಡಲೇ ನೊರೆ ಬುಸ್ಸೆಂದು ಅಂಚಿನ ತನಕ ಬಂದು ಇಳಿಯಿತು. ಚಿಗವ್ವ ಆ ಕಡೆ ತಿರುಗಿಯೂ ನೋಡಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ಹಿಟ್ಟು ಕಲಸಿದಳು.

ನಾನು ಮೊದಲು ಮಾಡಿದ್ದು ನನ್ನನ್ನೇ ಪ್ರಶ್ನೆ ಕೇಳಿಕೊಂಡದ್ದು. ನೋಡಿದೆನೋ, ನೋಡಿದ ಹಾಗಾಯಿತೋ? ಯಾವ ಕೈ? ಬಲಗೈ. ಯಾವ ಬೋಗಾಣಿ? ಬೋರಿನದು. ನೊರೆ ಬಂದಿತೋ? ಬಂದಿತು. ಹಾಗಾದರೆ ನೋಡಿದೆ. ಅಲ್ಲಿಂದ ನನ್ನ ಕೈ ನಡುಗತೊಡಗಿತು. ಸುತ್ತ ನೋಡಿದರೆ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲರೂ ಮಿರ್ಚಿಯ ಕಡೆ ನೋಡುತ್ತಿದ್ದರು.

ಬೋರಿನ ನೀರಿನ ಬೇಳೆ ಹೊಳೆ ನೀರಿನದಕ್ಕಿಂತ ಮೊದಲು ಬೆಂದಿತು. ಸಾವ್ಕಾರರು ಒಂದು ಕಾಳನ್ನು ಬೆರಳಲ್ಲಿ ಹಿಸುಕಿದರು. ಅದು ಬೆಣ್ಣೆಯಂತೆ ಸವರಿಕೊಂಡಿತು. ಅವರು ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸುತ್ತ ಒಂದು ಸುತ್ತು ಬಂದರು. ಚಾಚಾ ತಮ್ಮ ಟ್ಯಾಂಕರಿನ ಕಡೆ ನೋಡಿ, “ಇಷ್ಟ ದಿನಾ ಊರಿಗೆ ಯಾವ ನೀರ ಹಾಕೇನಪಾ ನಾ” ಎಂದರು. ಹೆಂಗಸರು ಚಪ್ಪಾಳೆ ತಟ್ಟಿದರು. ಚಿಗವ್ವ ಮೂಲೆಯ ಜಾಗದ ಕಡೆ ನೋಡುತ್ತಿದ್ದಳು, ಒಲೆ ಎಲ್ಲಿಡಬೇಕು ಎಂದು ಆಗಲೇ ಲೆಕ್ಕ ಹಾಕುವವಳಂತೆ. ಆ ಮುಖವನ್ನು ಚಳಿಗಾಲದಿಂದ ಈಚೆಗೆ ನಾನು ಕಂಡಿರಲಿಲ್ಲ.

“ಬಾಯಾರ, ನೀವು ಒಂದ ಮಾತ ಹೇಳಿಬಿಡ್ರಿ” ಎಂದರು ಸಾವ್ಕಾರರು.

ಹೇಳಿದರೆ ಮೂಲೆಯ ಜಾಗ ಹೋಗುತ್ತದೆ. ಹೇಳದಿದ್ದರೆ ಜಾಗ ಸಿಗುತ್ತದೆ, ಬೇಳೆ ಹೋಗುತ್ತದೆ. ಬೇಳೆ ಹೋದ ಮೇಲೆ ಆ ಜಾಗದಲ್ಲಿ ಅವಳು ಏನು ಮಾಡಬೇಕು?

“ಬೇಳೆ ಬೆಂದಿದೆ” ಎಂದೆ. ನನಗೆ ನಡುಕ ಬಂದಾಗ ಬೆರಳಚ್ಚಿನ ಭಾಷೆಯೇ ಬಾಯಿಗೆ ಬರುತ್ತದೆ. “ಆದರೆ ಬೋರಿನ ನೀರಿನ ಬೋಗಾಣಿಗೆ ಸೋಡಾ ಬಿದ್ದಿದೆ. ಪೊರೆ ತೆಗೆದ ಮೇಲೆ. ಬಲಗೈಯಿಂದ. ನಾನು ನೋಡಿದೆ.”

“ಯಾರ ಹಾಕಿದ್ರು?” ಚಿಗವ್ವ ಎದ್ದು ನಿಂತಳು.

“ನೀನೇ, ಚಿಗವ್ವಾ.”

“ನಾನು? ಬ್ಯಾಳಿಗೆ ಸೋಡಾ? ಈ ಕೈಲೆ?” ಅವಳು ಕೈಯನ್ನು ನನ್ನ ಮುಖದ ಹತ್ತಿರ ತಂದಳು. “ನನ್ನ ಖಾನಾವಳಿ ಒಲಿ ಕೇಳು, ಹೋಗು! ಮಂದಿ ಮುಂದ ಏನ ಮಾತಾಡತೀಯವ್ವಾ ನೀ?”

ಚಾಚಾ ಮೆಲ್ಲಗೆ ಅಂದರು: “ಬೈಯೋದ ಆಮ್ಯಾಲ ಬೈರಿ ಯಕ್ಕಾ. ಮೊದಲ ಒಂದಿಷ್ಟ ನಾಲಗಿಗೆ ಹಚ್ಚಿ ನೋಡ್ರಿ. ನಿಮ್ಮ ನಾಲಗಿಗಿಂತ ದೊಡ್ಡ ಕೋರ್ಟು ಯಾವದೈತಿ?”

ಚಿಗವ್ವ ಸೌಟಿನ ತುದಿಯಿಂದ ಬೇಳೆಯನ್ನು ಅಂಗೈಗೆ ಹಾಕಿಕೊಂಡು ಬಾಯಿಗೆ ಬಿಟ್ಟುಕೊಂಡಳು. ಸಿಟ್ಟು ಅವಳ ಮುಖದಿಂದ ಒಮ್ಮೆಲೇ ಹೋಯಿತು. ಮತ್ತೊಮ್ಮೆ ಹಾಕಿಕೊಂಡಳು.

“ಅಯ್ಯ... ನಮ್ಮವ್ವನ ಬ್ಯಾಳಿ” ಎಂದಳು.

ಅವಳೂ ನನ್ನ ತಾಯಿಯೂ ಹುಟ್ಟಿದ್ದು ರಾಮದುರ್ಗದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಹೊಳೆ ದೂರ, ಬಾವಿ ಸವಳು. ಬೇಳೆಯ ಮೇಲೆ ಬಿಳಿ ಪೊರೆ ಬಂದ ಕೂಡಲೇ ಅದನ್ನು ಬಳಿದು ಸೋಡಾ ಚಿಟಿಕೆ ಹಾಕುವುದು ನಮ್ಮ ಅಜ್ಜಿಯ ಒಲೆಯ ಮುಂದೆ ಚಿಗವ್ವನ ಕೆಲಸವಾಗಿತ್ತಂತೆ. ಮದುವೆಯಾಗಿ ಈ ಕಡೆ ಬಂದ ಮೇಲೆ ಅಂಥ ಪೊರೆಯನ್ನೇ ಅವಳು ನೋಡಿರಲಿಲ್ಲ. ಅವಳು ಮರೆತಿದ್ದಳು, ಕೈ ಮರೆತಿರಲಿಲ್ಲ.

“ನಾ ಹಾಕೇನ್ರಿ” ಎಂದು ಸಾವ್ಕಾರರಿಗೆ ಹೇಳಿ, ಸೆರಗನ್ನು ಬಾಯಿಗೆ ಹಿಡಿದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಆಮೇಲೆ ಎಲ್ಲರೂ ನಕ್ಕರು. ಸಾವ್ಕಾರರು ಬೆರಳಿಗೆ ಮೆತ್ತಿದ ಬೇಳೆಯನ್ನು ಒರೆಸಿಕೊಳ್ಳುತ್ತ, “ಹಂಗಾದ್ರ ಇನ್ನೊಂದ ಬೋಗಾಣಿ ಇಡ್ರಿ. ಈ ಸಲ ಬಾಯಾರು ಆ ಪೊಟ್ಣಾ ಕೈಯಾಗ ಹಿಡಕೊಂಡ ಕುಂದರಲಿ” ಎಂದರು.

ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಬೋರಿನ ನೀರಿನ ಹೊಸ ಬೋಗಾಣಿ ಕುದಿಯಿತು, ಕುದಿಯುತ್ತಲೇ ಇತ್ತು. ಹೊಳೆ ನೀರಿನ ಬೇಳೆ ಬೆಂದು, ಒಗ್ಗರಣೆ ಬಿದ್ದು, ಎಲ್ಲರ ಹೊಟ್ಟೆಗೂ ಸೇರಿತು. ಮಿರ್ಚಿ ಮುಗಿದವು. ಗೋದಾಮಿನ ನೆರಳು ಸರಿದ ಹಾಗೆ ಜನರೂ ಚಾಪೆಯ ಸಮೇತ ಸರಿದರು. ಕೊನೆಗೆ ಸಾವ್ಕಾರರು ಕಾಳೊಂದನ್ನು ಹಲ್ಲಿಗೆ ಕೊಟ್ಟರು. ಅದು ಕಟ್ ಎಂದಿತು. ಹತ್ತಿರ ಕುಳಿತಿದ್ದ ನನಗೂ ಕೇಳಿಸಿತು.

“ಬೆಂದಿಲ್ಲ” ಎಂದರು ಅವರೇ, ನನ್ನನ್ನು ಕೇಳದೆ. ಆ ಕಾಳನ್ನು ಉಗುಳಿ, “ಆದ್ರ ಕಾಯ್ದೆ ಪ್ರಕಾರ ನಮ್ಮದು ಎಲ್ಲಾ ಬರೋಬರಿ ಐತ್ರಿ” ಎಂದರು.

“ಐತ್ರಿ, ನಾವೇನೂ ಕೇಳಾಕ ಬರಂಗಿಲ್ಲ” ಎಂದರು ಮೆಂಬರ್ ಅಕ್ಕಾರು, ಬೇಜಾರಿನಿಂದ.

ಚಿಗವ್ವ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. “ಪಂಚಾಯತಿ ಕೇಳಬಾರದು. ಜಾಗಾ ತಗೊಳ್ಳೋರು ಕೇಳಬಾರದು ಅಂತನೂ ಬರದೈತೇನು?”

ಅಕ್ಕಾರು ನನ್ನ ಕಡೆ ನೋಡಿದರು. “ನಾನು ಓದಿದ್ದರಲ್ಲಿ ಹಾಗೆ ಇರಲಿಲ್ಲ” ಎಂದೆ.

“ಹಂಗಾದ್ರ ಕೇಳತೇನಿ. ಸಾವ್ಕಾರ್ರ, ನಿಮ್ಮ ಗೋದಾಮಿನ ತಗಡಿನ ಮ್ಯಾಲ ಬಿದ್ದ ಮಳಿ ಎಲ್ಲಿ ಹೋಗತೈತ್ರಿ?”

“ಎಲ್ಲಿ ಹೋಗತೈತಿ? ರಸ್ತಾಕ್ಕ.”

“ಅದನ್ನ ನನಗ ಬಿಡ್ರಿ. ನೆಲದಾಗ ಒಂದ ಟಾಕಿ ಕಟ್ಟಿಸಿಕೊಡ್ರಿ, ಆ ಮೂಲಿ ಜಾಗಾ ತಗೊಂತೇನಿ. ನಮ್ಮವ್ವ ದಿನಾ ಸೋಡಾ ಹಾಕತಿದ್ಲು, ಖರೆ. ಬೀಗರು ಬಂದ್ರ ಮಾತ್ರ ಮಳಿನೀರಾಗ ಬೇಸತಿದ್ಲು. ಮಾಳಿಗಿ ನೀರ ಹಿಡದು, ಹರವಿ ತುಂಬಿ, ಬಾಯಿ ಕಟ್ಟಿ ಇಡತಿದ್ಲು. ಆ ಬ್ಯಾಳಿ ಉಂಡೋರು ಹೊಳಿ ನೀರಿನ ಬ್ಯಾಳಿಗೆ ಮೂಗ ಮುರಿತಿದ್ರು.”

ಸಾವ್ಕಾರರು ತಲೆಯೆತ್ತಿ ತಮ್ಮದೇ ಗೋದಾಮಿನ ಸೂರನ್ನು ಹೊಸದಾಗಿ ನೋಡಿದರು. “ಮಂದಿ ನನ್ನ ಹೊಲಾ ಕೇಳ್ಯಾರ, ಗೋದಾಮು ಕೇಳ್ಯಾರ. ಮ್ಯಾಲಿನ ಮಳಿ ಕೇಳಿದೋರು ನೀವ ಮೊದಲನೇದೋರು.”

“ಕೊಡತೀರೋ ಇಲ್ಲೋ?”

“ನಾಳೆ ಮಧ್ಯಾಹ್ನ ಉಣ್ಣಾಕ ಹಾಕತೀರಲ್ಲ?”

“ಅದು ನಿಮ್ಮ ಉತ್ತರದ ಮ್ಯಾಲ.”

“ಕೊಟ್ಟೆ.”

ಚಾಪೆಯ ಮೇಲಿದ್ದ ಹೆಂಗಸರು ಅಲ್ಲಿಯ ತನಕ ಕೇಳುತ್ತಿದ್ದವರು, ಈಗ ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿದರು. ಒಬ್ಬಾಕೆ, “ನಮ್ಮನೀಗೂ ಬ್ಯಾಳಿ ಬೇಯಬೇಕು” ಎಂದಳು. ಇನ್ನೊಬ್ಬಾಕೆ, “ಇಲ್ಲಾಂದ್ರ ಮುರಗೋಡದ ಕಡೆ ಜಾಗಾ ನೋಡೂಣು” ಎಂದಳು. ಪಂಚಾಯತಿಯ ಠರಾವಿಗೆ ಆಗದಿದ್ದದ್ದು ಆ ಎರಡು ಮಾತಿಗೆ ಆಯಿತು. ಟಾಕಿ ಚಿಗವ್ವ ಕೇಳಿದ್ದಕ್ಕಿಂತ ದೊಡ್ಡದಾಯಿತು. ರಸ್ತೆಯ ಬದಿಗೆ ಎಲ್ಲರಿಗೂ ಒಂದು ನಳ ಬಂತು. ಕುಡಿಯಲು, ಬಳಸಲು ಬೋರು. ಬೇಳೆಗೆ ಮಾತ್ರ ಮಳೆ. ಮೆಂಬರ್ ಅಕ್ಕಾರು ಅದನ್ನು ನೋಡಿ, “ನಾ ಏನೂ ಕೇಳಿಲ್ಲಪಾ” ಎಂದು ಎರಡೂ ಕೈ ಎತ್ತಿದರು.

ಅಮಾವಾಸ್ಯೆಯಂದು ಚಿಗವ್ವ ಜಾಗ ತೆಗೆದುಕೊಂಡಳು. ಮೊದಲ ಮಳೆಯನ್ನು ತಗಡು ತೊಳೆಯಲು ಬಿಟ್ಟು, ಆಮೇಲಿನ ಮಳೆಗಳನ್ನು ಟಾಕಿಗೆ ತಿರುಗಿಸಿದರು. ಪೈಪು ತಿರುಗಿಸುವ ಕೆಲಸವನ್ನು ಚಾಚಾ ತಾವಾಗಿಯೇ ವಹಿಸಿಕೊಂಡರು. ಮದುವೆಗಳಿಲ್ಲದ ದಿನಗಳಲ್ಲಿ ಅವರಿಗೆ ನೀರಿನ ಸಹವಾಸವಿಲ್ಲದೆ ಹೊತ್ತು ಹೋಗುವುದಿಲ್ಲವಂತೆ.

ನಾಗರ ಪಂಚಮಿ ಕಳೆದ ಮೇಲೆ ಹೊಸ ಖಾನಾವಳಿಯಲ್ಲಿ ಒಲೆ ಹೊತ್ತಿತು. ಬೆಳಿಗ್ಗೆಯೇ ಚಿಗವ್ವ ನನ್ನನ್ನು ಕರೆಸಿಕೊಂಡಳು. ಬೋಗಾಣಿಗೆ ನೀರು ಸುರಿದು, ಬೇಳೆ ಹಾಕಿ, “ಇಲ್ಲೇ ನಿಂದರು. ನನ್ನ ಬಲಗೈ ನೋಡತಿರು. ಅದರ ಮ್ಯಾಲ ನನಗ ನಂಬಿಕಿ ಇಲ್ಲ” ಎಂದಳು.

ನಿಂತು ನೋಡಿದೆ. ನೀರು ತಿಳಿಯಾಗಿ ಕುದಿಯಿತು, ಪೊರೆ ಕಟ್ಟಲಿಲ್ಲ. ಬಲಗೈ ಉಪ್ಪಿಗೆ ಹೋಯಿತು, ಅರಿಸಿನಕ್ಕೆ ಹೋಯಿತು, ಒಮ್ಮೆ ಬೆವರು ಒರೆಸಲು ಹೋಯಿತು. ಬೇಳೆ ತಾನಾಗಿಯೇ ಬಿಚ್ಚಿಕೊಂಡಿತು. ಮಧ್ಯಾಹ್ನ ಮೊದಲ ತಾಟು ಸಾವ್ಕಾರರದು. ಅವರು ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ, ಕಣ್ಣು ಮುಚ್ಚಿ ಉಂಡು, “ನಮ್ಮ ಗೋದಾಮಿನ ನೀರಂದ್ರ ಏನ ಅಂತೀರಿ!” ಎಂದರು.

“ತಗಡ ಅಷ್ಟ ನಿಮ್ಮದು. ಸುಮ್ನ ಉಣ್ರಿ” ಎಂದು ಚಿಗವ್ವ ಅವರ ತಾಟಿಗೆ ಇನ್ನೊಂದು ಸೌಟು ಹಾಕಿದಳು.